ಅಕ್ಕನ ವಕಾಲತ್ತು

ಗುಲ್ವಾಡಿಯ ಭೋಜರಾಜ ಶೆಟ್ಟಿ ಹಗಲಿಗೆ ಕುಂದಾಪುರದ ಕೋರ್ಟಿನಲ್ಲಿ ವಕೀಲ, ಸಂಜೆಗೆ ತನ್ನದೇ ವಾರಪತ್ರಿಕೆಯ ಸಂಪಾದಕ. ಅಷ್ಟು ಸಾಲದೆಂದು ೧೯೬೨ರಲ್ಲಿ ಚುನಾವಣೆಗೂ ನಿಂತ. ಒಂದೇ ತಲೆಗೆ ಮೂರು ಮುಂಡಾಸು! ಅವನ ಅಕ್ಕ ಪ್ರಭಾವತಿಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುವವಳು ಊರಿಗೆಲ್ಲ ಅವಳೊಬ್ಬಳೇ ಇದ್ದಿರಬೇಕು.

ಅವನನ್ನು ಮದ್ರಾಸಿಗೆ ಕಳಿಸಿ ವಕೀಲಿ ಓದಿಸಿದವರು ಸೋದರಮಾವ ಚಂದಯ್ಯ ಶೆಟ್ಟರು. ಪ್ರಚಾರದ ಜೀಪೂ ಅವರದೇ. ಅಳಿಯಸಂತಾನದ ಮನೆ, ಆಸ್ತಿ ಹೆಂಗಸರ ಸಂತಾನಕ್ಕೆ, ಯಜಮಾನಿಕೆ ಮಾವನಿಗೆ. ಉಳುವವನನ್ನು ಎಬ್ಬಿಸಬೇಡಿ ಎಂದು ಅಳಿಯ ಪತ್ರಿಕೆಯಲ್ಲಿ ಗುಡುಗುತ್ತಿದ್ದರೆ, ಗೇಣಿದಾರರಿಗೆ ರಕ್ಷಣೆ ಕೊಡುವ ಹೊಸ ಕಾನೂನು ಜಾರಿಗೆ ಬರುವ ಮೊದಲೇ ಗೇಣಿ ಒಕ್ಕಲು ಐತನನ್ನು ಗದ್ದೆಯಿಂದ ಬಿಡಿಸಲು ಮಾವ ಹೊರಟಿದ್ದರು.

ತೆಕ್ಕಟ್ಟೆಯ ಸಭೆಯಲ್ಲಿ ಜನ ಕಿಕ್ಕಿರಿದಿದ್ದರು. ಭಾಷಣ ಕಾವೇರಿದ್ದಾಗ ಹಿಂದಿನಿಂದ ಒಬ್ಬ ಕೂಗಿದ: "ಹ್ವಾಯ್ ವಕೀಲ್ರೆ, ನಿಮ್ಮನಿ ಗದ್ದಿಂದ ಐತನ್ನ ಎಬ್ಸುದ್ ಎಂತಕೆ?"

ಭೋಜರಾಜನ ಕಣ್ಣು ಮುಂದಿನ ಸಾಲಿಗೆ ಹೋಯಿತು. ಓದಿಸಿದ ಮಾವ ಎದುರಿನ ಕುರ್ಚಿಯಲ್ಲೇ ಮೀಸೆ ತಿರುವುತ್ತ ಕೂತಿದ್ದರು. ಪ್ರಭಾವತಿ ಹೆಂಗಸರ ಸಾಲಿನಲ್ಲಿದ್ದಳು. ಮನೆಯ ಹೆಂಗಸೂ ತನ್ನ ಪಾಲು ಕೇಳಬಹುದೆಂದು ತಮ್ಮನೇ ಬರೆದಿರಲಿಲ್ಲವೇ? ಅವಳು ಎದ್ದೇ ನಿಂತಳು.

"ಮಾವ, ನೀವ್ ಐತನ್ನ ಎಬ್ಸ್ರೆ ನಾ ನನ್ ಪಾಲ್ ಕೇಂತೆ. ಐತನ್ ಗದ್ದಿನೇ ಕೇಂತೆ!"

ಮಾವ ವೇದಿಕೆಯತ್ತ ತಿರುಗಿದರು. "ಕೇಂಡ್ಯಾ ಭೋಜ? ನೀ ಯಾರ್ ಬದಿಗೆ?"

ಭೋಜರಾಜ ವೇದಿಕೆಯ ಅಂಚಿಗೆ ಬಂದ. "ಅಕ್ಕನ್ ವಕಾಲತ್ ನಂದೇ, ಮಾವ."

ಅಬ್ಬಬ್ಬಾ, ಆ ಚಪ್ಪಾಳೆ! ಪ್ರಭಾವತಿ ಕುಣಿಯುವುದೊಂದು ಬಾಕಿ. ಆದರೆ ಚಪ್ಪಾಳೆಯೆಲ್ಲ ಓಟಾಗುತ್ತದೆಯೇ? ಮರುದಿನವೇ ಮಾವ ಜೀಪು ಕಸಿದುಕೊಂಡರು, ಅವರ ಕಡೆಯವರೆಲ್ಲ ಹಿಂದೆ ಸರಿದರು. ಭೋಜರಾಜ ಬೈಂದೂರಿನವರೆಗೆ ಬಸ್ಸಿನಲ್ಲಿ, ಕಾಲ್ನಡಿಗೆಯಲ್ಲಿ ಅಲೆದು ಹೀನಾಯವಾಗಿ ಸೋತ. ತನ್ನ ಸೋಲನ್ನು ತಾನೇ ಮೊದಲ ಪುಟದಲ್ಲಿ ಅಚ್ಚು ಹಾಕಿದ. ಆಮೇಲೆ ಅವನು ನಕ್ಕದ್ದನ್ನು ಯಾರೂ ನೋಡಲಿಲ್ಲ. ತಮ್ಮನ ಬಾಳು ತಾನೇ ಕೆಡಿಸಿದೆನೆಂದು ಪ್ರಭಾವತಿ ಒಳಗೊಳಗೇ ಬೇಯುತ್ತಿದ್ದಳು.

ಮಾವ ಮಾತು ಬಿಟ್ಟರು, ಆದರೆ ಆಸ್ತಿ ಪಾಲಾದೀತೆಂದು ಐತನ ಮೇಲೆ ದಾವೆ ಹೂಡಲಿಲ್ಲ. ಮಳೆ ಹಿಡಿಯುತ್ತಲೇ ಐತ ಅದೇ ಗದ್ದೆಗೆ ಕೋಣ ಇಳಿಸಿದ. ಸುದ್ದಿ ಹೇಳಲು ಪ್ರಭಾವತಿ ಏದುಸಿರು ಬಿಡುತ್ತ ಮುದ್ರಣಾಲಯಕ್ಕೇ ಓಡಿದಳು. ಭೋಜರಾಜ ಮಸಿ ಮೆತ್ತಿದ ಕೈಯಲ್ಲೇ ಅವಳ ಕೈ ಹಿಡಿದು ಹೋ ಎಂದು ನಗತೊಡಗಿದ.

"ಗೆದ್ದಾಯ್ತಲ್ಲೇ ಅಕ್ಕ!"