ಆಳದ ಬದಿಯ ಛಾವಣಿ

ಬೋರ್ಗಿಲ್ಡ್ ನಮ್ಮೂರಿನ ಈಜುಕೊಳ ನೋಡಿಕೊಳ್ಳಲು ಬಂದು ಮೂವತ್ತೊಂದು ವರ್ಷವಾಯಿತು. ನಮ್ಮದು ಕಡಲು ಹಿತ್ತಲಲ್ಲೇ ಇರುವ ಊರು. ಈಜು ಬಾರದ ಮಗು ದೋಣಿಕಟ್ಟೆಯಿಂದ ಜಾರಿದರೆ ಮುಗಿಯಿತು. ಹಾಗಾಗಿ ಇಲ್ಲಿನ ಎಲ್ಲರನ್ನೂ ಗದ್ದ ಹಿಡಿದು ತೇಲಿಸಿದವಳು ಅವಳೇ, ಈಗಿನ ಪುರಸಭಾಧ್ಯಕ್ಷ ಔಡುನ್‌ನನ್ನೂ ಸೇರಿಸಿ.

ಕೊಳದ ಛಾವಣಿ ಆಳದ ಬದಿಯಲ್ಲಿ ಆರು ವರ್ಷದಿಂದ ಸೋರುತ್ತಿತ್ತು. ಬೋರ್ಗಿಲ್ಡ್ ಪ್ರತಿ ಸಲ ಪುರಸಭೆಯ ಸಭೆಗೆ ಹೋಗಿ ಕೇಳುವಳು.

"ದುಡ್ಡಿಲ್ಲ ಬೋರ್ಗಿಲ್ಡ್," ಎನ್ನುವನು ಔಡುನ್.

"ನಮ್ಮ ದೇಶ ಕಡಲಿಂದ ತೆಗೆದ ಎಣ್ಣೆ ದುಡ್ಡು ಲೋಕದ ಬೀದಿಬೀದೀಲೂ ಕಟ್ಟಡ ಕೊಂಡ್ಕೊಂಡು ಕೂತಿದೆಯಂತಲ್ಲೋ?"

"ಆ ನಿಧಿ ಮುಂದಿನ ಪೀಳಿಗೇದು. ವರ್ಷಕ್ಕೆ ಒಂಚೂರು ಬಿಟ್ಟು ಮುಟ್ಟೋ ಹಾಗಿಲ್ಲ. ಆ ಚೂರು ನಮ್ಮೂರಿಗೆ ಬರೋ ಹೊತ್ತಿಗೆ..."

"ಮುಂದಿನ ಪೀಳಿಗೆ ನನ್ನ ಕೊಳದಲ್ಲಿ ಕಾಲು ಬಡೀತಿದೆ ಕಣೋ, ಬಂದು ನೋಡು."

ಔಡುನ್ ಕನ್ನಡಕ ಒರೆಸಿಕೊಂಡ. ಹುಟ್ಟದವರ ಪರವಾಗಿ ಮಾತಾಡುವಾಗ ಅವನ ದನಿ ಪಾದ್ರಿಯದಾಗುತ್ತದೆ. ಹುಟ್ಟದವರು ಎದುರಾಡುವುದಿಲ್ಲವಲ್ಲ.

ಇಂಥದ್ದಕ್ಕೆಲ್ಲ ನಮ್ಮಲ್ಲಿ ಒಂದೇ ಮದ್ದು, ದುಗ್ನಾದ್: ಊರಿಗೆ ಊರೇ ಕೂಲಿಯಿಲ್ಲದೆ ಕೈ ಹಚ್ಚುವುದು. ತಪ್ಪಿಸಿಕೊಂಡವನ ಹೆಸರನ್ನು ವರ್ಷವಿಡೀ ಕಾಫಿಗೆ ನಂಜಿಕೊಳ್ಳುತ್ತೇವೆ. ಮೇ ತಿಂಗಳ ಒಂದು ಶನಿವಾರ ನಾವು ನಲವತ್ತು ಜನ ಏಣಿ ಹತ್ತಿ ಛಾವಣಿಗೆ ಡಾಂಬರು ಹಾಳೆ ಹೊದಿಸಿದೆವು. ಔಡುನ್ ಸುತ್ತಿಗೆ ಹಿಡಿದು ಫೋಟೋ ತೆಗೆಸಿಕೊಂಡ, ಎರಡು ವಾಫಲ್ ತಿಂದ.

"ಇದು ಬರೀ ತೇಪೆ. ಕೊಳೆತಿರೋದು ತೊಲೆ," ಎಂದಳು ಬೋರ್ಗಿಲ್ಡ್. ಸೊಂಟ ನೋವಿಗಿಂತ ಹೆಮ್ಮೆ ಹೆಚ್ಚಾಗಿದ್ದ ನಮ್ಮ ಕಿವಿಗೆ ಅದು ಬೀಳಲಿಲ್ಲ.

ನವೆಂಬರ್ ಸಭೆಯಲ್ಲಿ ಔಡುನ್ ಓದಿದ: "ನಾಗರಿಕರ ಒಗ್ಗಟ್ಟಿನಿಂದ ಛಾವಣಿ ದುರಸ್ತಿಯಾಗಿರುವ ಕಾರಣ, ಈ ವಿಷಯವನ್ನು ಕಾಮಗಾರಿ ಪಟ್ಟಿಯಿಂದ ಕೈಬಿಡಲಾಗಿದೆ."

ರೂಢಿಯಂತೆ ಚಪ್ಪಾಳೆ ತಟ್ಟಿದೆವು. ತಟ್ಟಿ ಮುಗಿದ ಮೇಲೆ ಅರ್ಥವಾಯಿತು.

ಬೋರ್ಗಿಲ್ಡ್ ಕೋಟು ಹಾಕಿಕೊಳ್ಳುತ್ತ ನಮ್ಮ ಕಡೆ ತಿರುಗಿದಳು. "ಒಳ್ಳೇ ಮಕ್ಕಳಪ್ಪ ನೀವು. ಚಿಕ್ಕಂದಿನಿಂದ್ಲೂ ಅಷ್ಟೆ, ಮುಳುಗ್ತಾ ಇದ್ರೂ ಗಲಾಟೆ ಮಾಡ್ತಿರ್ಲಿಲ್ಲ."

ಜನವರಿಯ ಗಾಳಿಮಳೆಗೆ ಹಾಳೆ ಎದ್ದು ಹೋಯಿತು. ತಪಾಸಣೆಯವರು ಬಂದು ತೊಲೆಗೆ ಬೆರಳು ಚುಚ್ಚಿ ನೋಡಿ, ಆಳದ ಬದಿಗೆ ಯಾರೂ ಹೋಗದಂತೆ ಅಡ್ಡ ಹಗ್ಗ ಕಟ್ಟಿಸಿದರು. ಅದನ್ನು ಬಿಚ್ಚುವುದು ಯಾವಾಗ ಎಂದು ಯಾವ ಕಾಗದದಲ್ಲೂ ಇಲ್ಲ.

ಈಗ ಅವಳು ಮಕ್ಕಳ ಎದೆಮಟ್ಟದ ನೀರಿನಲ್ಲೇ, ನೋಯುವ ಮಂಡಿಯೂರಿ ಕಲಿಸುತ್ತಾಳೆ.

"ಕಾಲು ಮಡಚ್ಕೊಳ್ಳಿ," ಎನ್ನುತ್ತಾಳೆ. "ಕೆಳಗೆ ನೆಲ ಇಲ್ಲ ಅಂತ ಅಂದ್ಕೊಳ್ಳಿ."