ಸೀತಕ್ಕನವರ ‘ಇಲ್ಲ’ ಮತ್ತು ಮೊಮ್ಮಗಳ ಅಡಿನಾಯ್ಡ್

ಭೈರುಂಬೆಯ ಸೀತಾ ಹೆಗಡೆಯವರಿಗೆ ಎಪ್ಪತ್ತೊಂದು ವರ್ಷ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳಿಗೆ ಅವರು ಸೀತಕ್ಕ. ನಲವತ್ತು ವರ್ಷಗಳಲ್ಲಿ ನೂರಾ ಹನ್ನೆರಡು ಸಂಬಂಧ ಕುದುರಿಸಿದ್ದಾರೆ. ಪ್ರತಿ ಸಲವೂ ಎದುರು ಪಕ್ಷದವರು ತಗ್ಗಿದ ದನಿಯಲ್ಲಿ ಕೇಳುವುದು ಒಂದೇ: ಮನೆತನದಲ್ಲಿ ಕಾಯಿಲೆ ಕಸಾಲೆ ಉಂಟೋ? ಸೀತಕ್ಕನವರ ಉತ್ತರವೂ ಒಂದೇ. ಇಲ್ಲ. ವರನ ಎತ್ತರಕ್ಕೆ ಎರಡು ಇಂಚು ಸೇರಿಸುವುದನ್ನು ಅವರು ಮರ್ಯಾದೆಯ ಭಾಗವೆಂದೇ ಎಣಿಸಿದ್ದರು. ಸ್ವಂತ ಮಗ ಸಂದೇಶನಿಗೆ ದೊಡ್ಮನೆಯ ಸ್ಫೂರ್ತಿಯನ್ನು ತಂದುಕೊಂಡದ್ದೂ ಇದೇ ಕ್ರಮದಲ್ಲಿ.

ಸಂದೇಶನ ಮಗಳು ಸಮೃದ್ಧಿಗೆ ಎರಡೂವರೆ ವರ್ಷ. ಮೂಗಿನ ಹಿಂದೆ ಅಡಿನಾಯ್ಡ್ ಎಂಬ ಗ್ರಂಥಿ ಬೆಳೆದು, ಬಾಯಲ್ಲೇ ಉಸಿರಾಡುತ್ತಿದ್ದಳು. ನಿದ್ದೆಯಲ್ಲಿ ಉಸಿರು ಕೆಲವು ಕ್ಷಣ ನಿಂತೇ ಹೋಗುತ್ತಿತ್ತು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ಹಿಂದಿನ ದಿನ ಶಿರಸಿಯ ಆಸ್ಪತ್ರೆಯಲ್ಲಿ ಅರಿವಳಿಕೆಯ ವೈದ್ಯ ಉಲ್ಲಾಸ ಅವರು ಪ್ರಶ್ನೆಗಳ ಹಾಳೆ ಹಿಡಿದು ಕುಳಿತರು. ಹಾವೇರಿ ಕಡೆಯವರು.

ಸ್ಫೂರ್ತಿ ಬಾಯಿ ತೆರೆಯುವ ಮೊದಲೇ ಸೀತಕ್ಕ ಉತ್ತರಿಸತೊಡಗಿದರು. ನಿದ್ದೆಯಲ್ಲಿ ಉಸಿರು ನಿಲ್ಲುವುದೇ? ಇಲ್ಲ, ಬಹಳ ಶಾಂತ ಸ್ವಭಾವ. ಈಚೆಗೆ ನೆಗಡಿ, ಜ್ವರ? ಇಲ್ಲ. (ಜ್ವರ ಬಿಟ್ಟು ಒಂಬತ್ತು ದಿನವಾಗಿತ್ತು.) ತೂಕ? ಹದಿಮೂರು ಕಿಲೋ. ವೈದ್ಯರು ಮಗುವನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು. ಮುಳ್ಳು ಹತ್ತೂವರೆಗೆ ನಿಂತಿತು. ಸೀತಕ್ಕ ತಕ್ಕಡಿಯನ್ನು ಸಂಶಯದಿಂದ ನೋಡಿದರು. ಮನೆತನದಲ್ಲಿ ಯಾರಿಗಾದರೂ ರಕ್ತ ಬೇಗ ನಿಲ್ಲದ ತೊಂದರೆ? ಇಲ್ಲ, ಹುಡುಗಿಗೆ ಅಡುಗೆಯೂ ಬರುತ್ತದೆ ಎಂದು ಅಭ್ಯಾಸಬಲದಿಂದ ಸೇರಿಸಿದರು.

ಉಲ್ಲಾಸ ಅವರು ಪೆನ್ನು ಕೆಳಗಿಟ್ಟರು. ಮೂರು ವರ್ಷದೊಳಗಿನ, ತೂಕ ಕಡಿಮೆಯಿರುವ, ನಿದ್ದೆಯಲ್ಲಿ ಉಸಿರು ನಿಲ್ಲುವ ಮಕ್ಕಳಿಗೆ ಶಸ್ತ್ರಚಿಕಿತ್ಸೆಯ ನಂತರ ಉಸಿರಾಟ ಕೆಡುವ ಸಂಭವ ಹೆಚ್ಚು, ಹೊಸ ನೆಗಡಿ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ ಎಂದು ವಿವರಿಸಿದರು. ಕೊನೆಗೆ ಹೇಳಿದರು:

“ಅಮ್ಮಾ, ಇದು ಲಗ್ನದ ಮಾತುಕತಿ ಅಲ್ರಿ. ಮೂಗಿನ ಹಿಂದ ರಕ್ತ ಬಂದ್ರ ಅಲ್ಲಿ ಅರಿವಿ ಒತ್ತಿ ಹಿಡಿಯಾಕ ಆಗಂಗಿಲ್ಲ.”

ಸೀತಕ್ಕ ಸೊಸೆಯ ಮುಖ ನೋಡಲಿಲ್ಲ. ಗೋಡೆಯ ಮೇಲಿನ ಕಿವಿಯ ಚಿತ್ರವನ್ನು ನೋಡುತ್ತ ಹೇಳಿದರು:

“ನಮ್ಮ ಸಂದೇಶ ಮಾಣಿಗೆ ದವಡೆಹಲ್ಲು ಕೀಳ್ಸಿದಾಗ ಎರಡು ದಿನ ರಕ್ತ ನಿಂತಿದ್ದಿಲ್ಲೆ. ನಾಕು ಟವೆಲ್ ಆತು. ಈ ಕೂಸಿಂಗೆ ಕಿವಿ ಚುಚ್ಚಿದಾಗ್ಲೂ ಸಂಜೆವರೆಗೆ ಬಂತು.”

ಕಿವಿ ಚುಚ್ಚಿದ ಅಕ್ಕಸಾಲಿಗನನ್ನು ಆ ದಿನ ಇಡೀ ಮನೆ ಬೈದಿತ್ತು. ಹಲ್ಲಿನ ಸಂಗತಿ ಸ್ಫೂರ್ತಿಗೆ ಹೊಸದು. ಅವಳು ಮಗುವನ್ನು ಇನ್ನೊಂದು ತೊಡೆಗೆ ದಾಟಿಸಿಕೊಂಡಳು.

“ಅತ್ತೆ, ನಮ್ಮ ಅಪ್ಪಯ್ಯ ಕೇಳಿದಾಗ ನಿಂಗ ಎಂತ ಹೇಳಿದ್ರಿ?”

“ನಿನ್ನ ಅಪ್ಪಯ್ಯನ ಉಬ್ಬಸದ ಬಗ್ಗೆ ಆನು ಕೇಳಿದ್ನ?”

“ಉಬ್ಬಸ ಯಾರಿಗ್ರಿ?” ಎಂದು ವೈದ್ಯರು ಪೆನ್ನು ಎತ್ತಿಕೊಂಡರು.

ಅನಂತರದ ಅರ್ಧ ಗಂಟೆ ಅತ್ತೆ ಸೊಸೆ ಪರಸ್ಪರರ ಮನೆತನದ ಕಾಯಿಲೆಗಳನ್ನು ಸ್ಪರ್ಧೆಗೆ ಬಿದ್ದಂತೆ ಬರೆಸಿದರು. ನಡುವೆ ಮಗುವಿನ ಜ್ವರವೂ ನಿದ್ದೆಯಲ್ಲಿ ಉಸಿರು ನಿಲ್ಲುವುದೂ ಹೊರಬಿದ್ದವು. ಹಾಳೆ ತುಂಬಿತು, ವೈದ್ಯರು ಹಿಂಬದಿಗೆ ಹೊರಳಿಸಿದರು. ಸಂದೇಶನ ಚಿಕ್ಕಜ್ಜನ ಮೂಲವ್ಯಾಧಿ ಈ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ್ದಲ್ಲವೆಂದು ಅವರು ಹೇಳಿದರೂ ಸ್ಫೂರ್ತಿ ಅದನ್ನು ಬರೆಯಿಸದೆ ಬಿಡಲಿಲ್ಲ. ಹೊರಗೆ ಕಾಯುತ್ತಿದ್ದ ಸಂದೇಶ ಒಳಗಿನ ಸದ್ದಿಗೆ ಬಾಗಿಲು ತೆರೆದು, ತನ್ನ ಹಲ್ಲಿನ ಸುದ್ದಿ ಕೇಳಿ ಮತ್ತೆ ಮುಚ್ಚಿದ.

ಶಸ್ತ್ರಚಿಕಿತ್ಸೆ ಮೂರು ವಾರ ಮುಂದೆ ಹೋಯಿತು. ರಕ್ತಪರೀಕ್ಷೆಯಲ್ಲಿ, ರಕ್ತ ಹೆಪ್ಪುಗಟ್ಟಿಸುವ ಅಂಶವೊಂದು ತಂದೆ ಮಗಳಿಬ್ಬರಲ್ಲೂ ಕಡಿಮೆ ಎಂದು ತಿಳಿಯಿತು. ಅದಕ್ಕೆ ಮುಂಚಿತವಾಗಿಯೇ ಔಷಧಿ ಕೊಟ್ಟು, ನೆಗಡಿಯ ಸುಳಿವಿಲ್ಲದ ದಿನ ನೋಡಿ ಅಡಿನಾಯ್ಡ್ ತೆಗೆದರು. ಮಗುವನ್ನು ಅಂದೇ ಮನೆಗೆ ಕಳಿಸದೆ, ಬೆರಳಿಗೆ ಆಮ್ಲಜನಕ ಅಳೆಯುವ ಸಾಧನ ತೊಡಿಸಿ, ರಾತ್ರಿಯಿಡೀ ಆಸ್ಪತ್ರೆಯಲ್ಲೇ ಇರಿಸಿಕೊಂಡರು.

ಬೆಳಿಗ್ಗೆ ಉಲ್ಲಾಸ ಅವರು ಬಂದು, ರಕ್ತವೇನಾದರೂ ಬಂತೇ ಎಂದು ಕೇಳಿದರು. ಇಲ್ಲ ಎಂದರು ಸೀತಕ್ಕ. ವೈದ್ಯರು ಟಾರ್ಚ್ ಹಿಡಿದು ಮಗುವಿನ ಗಂಟಲು ನೋಡಿದರು. ದಾದಿಯ ಪುಸ್ತಕ ನೋಡಿದರು. ಸ್ಫೂರ್ತಿಯನ್ನು ಬೇರೆಯಾಗಿ ಕರೆದು ಕೇಳಿದರು. ಇಲ್ಲ, ಅತ್ತೆ ಹೇಳಿದ್ದು ಸರಿ ಎಂದಳು ಅವಳು.

ಅವರು ತಲೆದಿಂಬನ್ನೂ ಎತ್ತಿ ಕೆಳಗೆ ನೋಡಿ, ಆಮೇಲೆ ಮನೆಗೆ ಹೋಗಲು ಚೀಟಿ ಬರೆದುಕೊಟ್ಟರು.