ಹಿಂದಿನಿಂದ ಹೇಳಿಕೊಟ್ಟ ಮಾತು

ಇದನ್ನು ಬರೆಯಬೇಕೆಂದುಕೊಂಡು ಬಹಳ ಕಾಲ ಮುಂದೂಡಿದ್ದೇನೆ. ಮೊದಲು ಕಣ್ಣಿನ ಪೊರೆ ತೆಗೆಸಿಕೊಳ್ಳೋಣ ಅಂದೆ, ಆಮೇಲೆ ಮೊಮ್ಮಗಳ ಪರೀಕ್ಷೆ ಮುಗಿಯಲಿ ಅಂದೆ. ಎರಡೂ ಆದವು. ಇನ್ನು ನೆಪಗಳಿಲ್ಲ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದೆ. ನಮ್ಮ ನೌಕರರು ವರ್ಷಕ್ಕೊಂದು ಪೌರಾಣಿಕ ನಾಟಕ ಆಡುತ್ತಿದ್ದರು. ನಾನು ಕುಳ್ಳ, ಆದ್ದರಿಂದ ವೇಷ ಕೊಡುತ್ತಿರಲಿಲ್ಲ. ಪರದೆಯ ಪಕ್ಕ ನಿಂತು, ಮಾತು ಮರೆತವರಿಗೆ ಹೇಳಿಕೊಡುವುದು ನನ್ನ ಪಾಲಿಗೆ ಬಂದಿತ್ತು. ದುರ್ಯೋಧನನಾಗುತ್ತಿದ್ದ ಫೋರ್‌ಮನ್ ಗದೆ ಎತ್ತಿದ ಕೂಡಲೇ ಮಾತು ಮರೆಯುತ್ತಿದ್ದರು. ಅವರ ಕಿವಿಗೆ ಬೀಳಬೇಕು, ಮುಂದಿನ ಸಾಲಿನಲ್ಲಿ ಕೂತವರಿಗೆ ಕೇಳಬಾರದು. ಆ ಅಳತೆಯ ದನಿ ನನಗೆ ಬಂದಿತ್ತು.

ನಿವೃತ್ತಿಯಾದ ಮೇಲೆ ಆ ದನಿಯಿಂದಲೇ ಇನ್ನೊಂದು ಕೆಲಸ ಸಿಕ್ಕಿತು. ಕೆಂಗೇರಿಯಾಚೆ ಒಂದು ದೊಡ್ಡ ಮನೆಯನ್ನು ಬಾಡಿಗೆಗೆ ಹಿಡಿದು ಟೀವಿ ಧಾರಾವಾಹಿಯೊಂದರ ಶೂಟಿಂಗ್ ನಡೆಯುತ್ತಿತ್ತು. ಎಷ್ಟೋ ವರ್ಷಗಳಿಂದ ಬರುತ್ತಿದ್ದ ಧಾರಾವಾಹಿ. ಚಿಕ್ಕ ಹುಡುಗಿಯಾಗಿ ಬಂದವಳು ಅದರಲ್ಲೇ ದೊಡ್ಡವಳಾಗಿ, ಮದುವೆಯಾಗಿ, ಕಥೆಯಲ್ಲಿ ಸತ್ತೂ ಆಗಿತ್ತು. ಬದಲಾಗದೆ ಉಳಿದವಳೆಂದರೆ ಆ ಮನೆಯ ಯಜಮಾನಿ. ಬಾಯಿ ತೆರೆದರೆ ಕತ್ತರಿ. ಮಗ, ಸೊಸೆ, ಬೀಗರು, ಪುರೋಹಿತರು, ಯಾರನ್ನೂ ಬಿಡುತ್ತಿರಲಿಲ್ಲ. ಜನ ಅವಳನ್ನು ಬೈಯುತ್ತ ಬೈಯುತ್ತ ದಿನವೂ ನೋಡುತ್ತಿದ್ದರು.

ಆ ಪಾತ್ರ ಮಾಡುತ್ತಿದ್ದ ಹೆಂಗಸು ಮಾತ್ರ ಬಹಳ ಸಾಧು. ಮನೆಮಾತು ತೆಲುಗು. ಕನ್ನಡ ಆಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಹೀಗಾಗಿ ಎಲ್ಲವೂ ಕಿವಿಯಿಂದಲೇ ಆಗಬೇಕು. ನಾನು ಕ್ಯಾಮೆರಾದ ಪಕ್ಕ ನಿಂತು ಅರ್ಧರ್ಧ ಸಾಲು ಹೇಳುವುದು, ಅವರು ಅದನ್ನೇ ಕೋಪ ಸೇರಿಸಿ ಹೇಳುವುದು. ನನ್ನ ದನಿಯನ್ನು ಆಮೇಲೆ ತೆಗೆಯುತ್ತಿದ್ದರು. ಇಂಥ ಕೆಲಸದಲ್ಲಿ ಒಂದು ಅಪಾಯವಿದೆ. ಹೇಳಿಕೊಡುವವನು ಏನು ಹೇಳಿದರೂ ಅದು ಬಾಯಿಂದ ಬಂದುಬಿಡುತ್ತದೆ.

ಒಂದು ದಿನ ಮೈತುಂಬ ಒಡವೆ ಹಾಕಿಕೊಂಡು ಬಂದ ಬೀಗಿತ್ತಿಯನ್ನು ಯಜಮಾನಿ ಹಂಗಿಸುವ ದೃಶ್ಯ. ಹಾಳೆಯಲ್ಲಿ ಇದ್ದದ್ದು, "ನಿಮ್ಮ ಸಿರಿವಂತಿಕೆಯ ಪ್ರದರ್ಶನ ನನ್ನ ಮುಂದೆ ಬೇಡ" ಎಂದು. ಮೂರು ಸಲ ತೆಗೆದರೂ ಸಪ್ಪೆ. ನಾಲ್ಕನೆಯ ಸಲ ನನಗೇ ಗೊತ್ತಾಗದ ಹಾಗೆ ನನ್ನಕ್ಕನ ಮಾತು ಬಾಯಿಗೆ ಬಂತು. "ಸ್ವಲ್ಪ ಕತ್ತು ಕಾಣೋ ಹಾಗೆ ಹಾಕ್ಕೊಳಮ್ಮ. ಇಲ್ದಿದ್ರೆ ಒಡವೆ ಅಂಗಡಿ ಗೊಂಬೆ ಅಂದ್ಕೊಂಡು ಯಾರಾದ್ರೂ ಬೆಲೆ ಕೇಳ್ಬಿಟ್ಟಾರು."

ಆಕೆ ಹಾಗೇ ಹೇಳಿದರು. ಲೈಟ್ ಹಿಡಿದಿದ್ದ ಹುಡುಗರು ನಕ್ಕುಬಿಟ್ಟರು.

"ಯಜಮಾನ್ರೇ, ಇದು ಪೇಪರ್‌ನಲ್ಲಿ ಇಲ್ವಲ್ಲ?" ಎಂದರು ನಿರ್ದೇಶಕರು ನನ್ನ ಕಡೆ ತಿರುಗಿ.

"ತಪ್ಪಾಯ್ತು ಸಾರ್."

"ತಪ್ಪಾಗಿದ್ದೇ ಒಳ್ಳೇದಾಯ್ತು. ನಗ್ಬೇಡ್ರೋ. ಇನ್ನೊಂದ್ಸಲ, ಇದೇ ಹೇಳಿ."

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಹೋದ ಕೂಡಲೇ, "ಯಜಮಾನ್ರೇ, ಇವತ್ತೇನಾದ್ರೂ ಖಾರ ಇದ್ಯಾ?" ಎಂದು ಕೇಳುತ್ತಿದ್ದರು. ಜೀವನದಲ್ಲಿ ಮೊದಲ ಸಲ ನನ್ನ ಮಾತಿಗೆ ಒಂದು ಯೂನಿಟ್ ಕಾದು ನಿಂತಿತ್ತು. ಮಾತು ನನ್ನದಲ್ಲ ಎಂದು ನಾನು ಯಾರಿಗೂ ಹೇಳಲಿಲ್ಲ.

ಅಕ್ಕ ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಅಮ್ಮ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿ ಓದಿಸಿದವಳು ಅವಳೇ. ಭಾವ ಹೋದ ಮೇಲೂ ಗೋವಿಂದರಾಜನಗರದ ಮನೆಯನ್ನು, ಮೇಲಿನ ಬಾಡಿಗೆದಾರರನ್ನು, ಮಗನನ್ನು ಬಾಯಿಯಿಂದಲೇ ಆಳಿದವಳು. ಮೇಲಿನ ಮನೆಯ ಹುಡುಗ ನಲ್ಲಿ ಬಿಟ್ಟುಕೊಂಡೇ ಇದ್ದರೆ ಕೆಳಗಿನಿಂದ, "ಏನಪ್ಪಾ, ಸ್ನಾನ ಮಾಡ್ತಿದ್ಯೋ ಅಭಿಷೇಕ ಮಾಡಿಸ್ಕೊಳ್ತಿದ್ಯೋ?" ಎನ್ನುತ್ತಿದ್ದಳು. ನಾನು ಇರುವುದು ನಂದಿನಿ ಲೇಔಟ್‌ನಲ್ಲಿ. ದೂರವೇನಲ್ಲ. ಆದರೂ ಹಬ್ಬಕ್ಕೊಮ್ಮೆ ಹೋದರೆ ಹೋದೆ.

ಈಗ ರಜೆ ಸಿಕ್ಕ ದಿನವೆಲ್ಲ ಹೋಗತೊಡಗಿದೆ. ಮೊದಲ ಸಲ ಬಾಗಿಲಲ್ಲೇ ಸಿಕ್ಕಿತು. "ಬಾರೋ ಅಪರೂಪದವ್ನೇ. ಮನೆ ನೆನಪಿತ್ತಾ, ಇಲ್ಲ ಬಸ್ಸು ದಾರಿ ತಪ್ಪಿ ಇಲ್ಲಿಗೆ ಬಂತಾ?" ಅದನ್ನು ಮರುವಾರವೇ ಬಳಸಿಕೊಂಡೆ. ಆಮೇಲೆ ಅವಳಿಂದ ಮಾತು ಹೊರಡಿಸುವ ವಿದ್ಯೆ ಕಲಿತೆ. ಯಾವುದೋ ನೆಂಟರ ಸುದ್ದಿ ತೆಗೆಯುವುದು, ಅವಳಿಗೆ ಆಗದವರನ್ನು ಹೊಗಳುವುದು. ಅಷ್ಟು ಮಾಡಿದರೆ ಸಾಕು. ಅವಳಾದರೋ ತಮ್ಮನಿಗೆ ವಯಸ್ಸಾದ ಮೇಲೆ ಅಕ್ಕನ ಮೇಲೆ ಪ್ರೀತಿ ಬಂದಿದೆ ಎಂದು ತಿಳಿದು ಹಿತಕಿದ ಬೇಳೆ ಸಾರು ಮಾಡಿಸುತ್ತಿದ್ದಳು.

ತನ್ನ ಮಾತು ಟೀವಿಯಲ್ಲಿ ಬರುತ್ತಿರುವುದು ಅವಳಿಗೆ ಬೇಗ ತಿಳಿಯಿತು. ಕೋಪ ಮಾಡಿಕೊಳ್ಳಲಿಲ್ಲ. ಮೇಲಿನ ಮನೆಯವಳು, "ಆಂಟಿ, ನೀವೇ ಟೀವಿಲಿ ಬಂದಂಗಿದೆ" ಅಂದರೆ, "ನಾನು ಬಂದಿದ್ರೆ ಅಷ್ಟು ಪೌಡರ್ ಬಳ್ಕೊಂಡು ಬರ್ತಿರ್ಲಿಲ್ಲ" ಎಂದಳು. ನನ್ನನ್ನು ನೋಡಿ "ಕಳ್ಳ" ಅಂದಳು, ಅಷ್ಟೆ. ಒಳಗೊಳಗೆ ಹೆಮ್ಮೆಯಿತ್ತು.

ಆ ಮನೆಯಲ್ಲಿ ಅಕ್ಕನಿಗೆ ತಿರುಗಿ ಉತ್ತರ ಕೊಡುತ್ತಿದ್ದವಳು ಒಬ್ಬಳೇ, ಅವಳ ಸೊಸೆ. ಗದಗದ ಕಡೆಯವಳು. ವಿಜಯನಗರದಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ಅಕ್ಕನ ಮಗ ನೋಡಿ ಇಷ್ಟಪಟ್ಟು ಮದುವೆಯಾದ. ಮೊದಮೊದಲು ಅಕ್ಕ ಮುಖ ಗಂಟು ಹಾಕಿಕೊಂಡಿದ್ದಳು. ಆಮೇಲೆ ಇಬ್ಬರೂ ಮಾತಿನಲ್ಲಿ ಚೆಂಡಾಟ ಶುರು ಮಾಡಿದರು.

"ಏನೇ ಇದು, ರೊಟ್ಟಿನೋ ತಮಟೆನೋ? ಬಡಿದ್ರೆ ಬೀದಿ ಸೇರುತ್ತೆ."

"ಹಲ್ಲಿದ್ದವರಿಗೆ ಮಾಡೇನ್ರಿ ಅತ್ತಿ. ನಿಮಗ ಬ್ಯಾರೆ ಮೆತ್ತಗ ಮಾಡ್ತೀನಿ ತಡೀರಿ."

ಅಕ್ಕ ನಕ್ಕು ಕೆಮ್ಮುವವರೆಗೂ ಇದು ನಡೆಯುತ್ತಿತ್ತು. ಸಂಜೆ ಧಾರಾವಾಹಿ ನೋಡುವಾಗ ಒಬ್ಬಳು ಕುರ್ಚಿಯಲ್ಲಿ, ಇನ್ನೊಬ್ಬಳು ಅವಳ ಕಾಲಬುಡದಲ್ಲಿ ಕೂರುತ್ತಿದ್ದರು.

ಒಮ್ಮೆ ಸೊಸೆ ಅಂಗಡಿಗೆ ಹೋಗಿದ್ದಾಗ ಅಕ್ಕ ನನಗೊಂದು ವಿಷಯ ಹೇಳಿದಳು. ಆ ಹುಡುಗಿಗೆ ಊರಲ್ಲಿ ಚಿಕ್ಕ ವಯಸ್ಸಿನಲ್ಲೇ ಒಂದು ಮದುವೆಯಾಗಿತ್ತಂತೆ. ಗಂಡನ ಮನೆಯ ಹೊಡೆತ ತಾಳದೆ ಕೆಲವೇ ವಾರಗಳಲ್ಲಿ ಬಿಟ್ಟು ಬಂದಳಂತೆ. ಈಗಿನ ಗಂಡನಿಗೆ ಗೊತ್ತಿತ್ತು, ಅಕ್ಕನಿಗೆ ಹೇಳಿರಲಿಲ್ಲ. ಸೊಸೆಯೇ ಒಂದು ದಿನ ಹತ್ತಿರ ಕೂತು ಹೇಳಿಕೊಂಡಳಂತೆ.

"ನೀನೇನಂದೆ?" ಎಂದು ಕೇಳಿದೆ.

"ಏನನ್ನಲಿ? ನೀನು ಒಂದ್ಸಲ ಕಾದ ಹಾಲು ಕಣೇ ಅಂದೆ. ಹಸಿ ಹಾಲಾದ್ರೆ ಸಂಜೆಗೆ ಒಡೆದು ಹೋಗುತ್ತೆ, ಕಾದಿದ್ದು ನಿಲ್ಲುತ್ತೆ ಅಂದೆ. ಅತ್ತುಬಿಟ್ಲು ಕಣೋ. ನನ್ ಬಾಯಿಂದ ಅಂಥ ಮಾತು ಬರುತ್ತೆ ಅಂತ ಅವ್ಳಿಗೆ ಗೊತ್ತಿರ್ಲಿಲ್ಲ." ಬಾಗಿಲ ಕಡೆ ನೋಡಿ, "ಯಾರ ಹತ್ರಾನೂ ಅನ್ಬೇಡ" ಅಂದಳು.

ನಾನು ಅನ್ನಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದೆ.

ಧಾರಾವಾಹಿಯ ಕಥೆ ತಿರುಗಿ, ಹೊಸ ಸೊಸೆಗೆ ಹಿಂದೆ ಒಂದು ನಿಶ್ಚಿತಾರ್ಥವಾಗಿ ಮುರಿದಿತ್ತು ಎಂದು ಯಜಮಾನಿಗೆ ತಿಳಿಯುವ ದಿನ ಬಂತು. ಮಧ್ಯಾಹ್ನದ ಊಟವಾದರೂ ಹಾಳೆ ಬಂದಿರಲಿಲ್ಲ. ಬಂದಾಗ ಅದೇ ಸಪ್ಪೆ. ನಿರ್ದೇಶಕರು ನನ್ನ ಮುಖ ನೋಡಿದರು. ಹಾಲಿನ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಅದು ಹರಸಿದ ಮಾತು, ಇಲ್ಲಿ ಬೇಕಾಗಿದ್ದು ಚುಚ್ಚುವ ಮಾತು. ಮೊದಲ ಅರ್ಧ ಇಟ್ಟುಕೊಂಡು ಉಳಿದದ್ದನ್ನು ಬದಲಾಯಿಸಿದೆ. "ಒಂದ್ಸಲ ಬೇರೆ ಮನೆ ಒಲೆ ಮೇಲೆ ಕಾದ ಹಾಲು ನೀನು. ನಮ್ಮನೇಲಿ ಬಂದು ಇನ್ನೇನು ಉಕ್ಕಿಸ್ತೀಯ?"

ಆಕೆ ಅದನ್ನು ಹೇಳಿದ ಮೇಲೆ ಯಾರೂ ನಗಲಿಲ್ಲ. ಸೊಸೆಯ ಪಾತ್ರದ ಹುಡುಗಿಯ ಕಣ್ಣಲ್ಲಿ ನಿಜವಾಗಿ ನೀರು ಬಂತು. ನಿರ್ದೇಶಕರು ಎದ್ದು ಬಂದು ನನ್ನ ಭುಜ ತಟ್ಟಿದರು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಆ ತಟ್ಟಿದ್ದನ್ನೇ ನೆನೆಯುತ್ತ ಕೂತಿದ್ದೆ.

ಅದು ಯಾವತ್ತು ಟೀವಿಯಲ್ಲಿ ಬರುತ್ತದೆ ಎಂಬ ಲೆಕ್ಕ ನಾನಿಟ್ಟಿರಲಿಲ್ಲ. ಬಂದ ಸಂಜೆ ನಾನು ಅಕ್ಕನ ಮನೆಯಲ್ಲೇ ಇದ್ದೆ. ಸೊಸೆ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಯಜಮಾನಿ ಆ ಮಾತು ಹೇಳಿದ್ದೇ ತಡ, ಸುಲಿಯುತ್ತಿದ್ದ ಕೈ ನಿಂತಿತು. ಅವಳು ಟೀವಿ ನೋಡಲಿಲ್ಲ. ತಲೆಯೆತ್ತಿ ಅತ್ತೆಯನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಅವಳಿಗೆ ಗೊತ್ತಿತ್ತು. ಹಾಲಿನ ಮಾತು ಅವರಿಬ್ಬರ ಮಧ್ಯೆ ಮಾತ್ರ ಇದ್ದದ್ದು. ಜಾಹೀರಾತು ಶುರುವಾದಾಗ ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಅಕ್ಕ ಟೀವಿಯನ್ನೇ ನೋಡುತ್ತಿದ್ದಳು. ಸೋಪಿನ ಜಾಹೀರಾತು. ನಾನು ಚಪ್ಪಲಿ ಹಾಕಿಕೊಂಡು ಹೊರಟುಬಿಟ್ಟೆ.

ಎರಡು ದಿನ ಬಿಟ್ಟು ಅಕ್ಕ ಫೋನ್ ಮಾಡಿದಳು. "ಬಾರೋ ಸ್ವಲ್ಪ" ಎಂದು ಇಟ್ಟಳು.

ನಾನು ಹೋದಾಗ ಅಕ್ಕ ಸ್ನಾನಕ್ಕೆ ಹೋಗಿದ್ದಳು. ಬಾಗಿಲು ತೆರೆದವಳು ಸೊಸೆ. ಕೂರಲು ಹೇಳಿ, ಎದುರಿಗೇ ನಿಂತು ಕೇಳಿದಳು.

"ಮಾವಾರ, ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ಅತ್ತಿಯವರು ನನ್ನ ವಿಷಯ ನಿಮ್ಮ ಮುಂದ ಏನಾರ ಅಂದಿದ್ರೇನ್ರಿ?"

ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಇಲ್ಲಮ್ಮ" ಎಂದೆ. "ನಿನ್ನ ವಿಷಯ ಅಕ್ಕ ನನ್ನ ಹತ್ರ ಏನೂ ಹೇಳಿಲ್ಲ. ಅದೆಲ್ಲಾ ಬರೆಯೋರು ಬರೀತಾರೆ. ಹಾಲು, ಒಲೆ, ಇವೆಲ್ಲ ಎಲ್ಲರ ಮನೆ ಮಾತೇ ಅಲ್ವಾ?"

"ಏನೂ ಹೇಳಿಲ್ಲೇನ್ರಿ?"

"ದೇವ್ರಾಣೆ ಇಲ್ಲ."

ಅವಳು ತಲೆಯಾಡಿಸಿದಳು. "ಆತ್ರಿ" ಎಂದು ಒಳಗೆ ಹೋದಳು.

ಅಕ್ಕನ ಮಾನ ಉಳಿಸಲು ಸುಳ್ಳು ಹೇಳಿದೆ ಎಂದು ಎಷ್ಟೋ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಸುಳ್ಳು. ಮನೆಮಂದಿಯ ಗುಟ್ಟನ್ನು ಶೂಟಿಂಗ್ ಮನೆಗೆ ಒಯ್ದವನು ಎಂದು ಆ ಹುಡುಗಿಯ ಮುಂದೆ ಒಪ್ಪಿಕೊಳ್ಳಲು ನನಗೆ ಧೈರ್ಯವಿರಲಿಲ್ಲ. ಅದಕ್ಕಿಂತ ಹೆಚ್ಚೇನೂ ಇಲ್ಲ.

ಅಕ್ಕ ಹೊರಗೆ ಬಂದು ನನ್ನ ಮುಖ ನೋಡಿದಳು. ಹೊರಟಾಗ ಗೇಟಿನವರೆಗೆ ಬಂದಳು.

"ಏನಂದೆ ಅವ್ಳಿಗೆ?"

"ನೀನು ಏನೂ ಹೇಳಿಲ್ಲ ಅಂದೆ. ಬಿಡಕ್ಕಾ, ಮರೀತಾಳೆ."

ಅಕ್ಕ ಗೇಟು ಹಿಡಿದುಕೊಂಡಳು. "ನಾನು ಬೆಳಿಗ್ಗೇನೇ ಒಪ್ಕೊಂಡಿದ್ದೆ ಕಣೋ. ನನ್ ತಮ್ಮನ ಹತ್ರ ಹೇಳಿದ್ದು ನಿಜ, ತಪ್ಪಾಯ್ತು, ಆದ್ರೆ ನಿನ್ನನ್ನ ಹೊಗಳಿ ಹೇಳ್ದೆ, ಬೇಕಾದ್ರೆ ಅವ್ನನ್ನೇ ಕೇಳು ಅಂದಿದ್ದೆ. ಅದಕ್ಕೇ ನಿನ್ನ ಕರೆಸಿದ್ದು. ಹೌದು ಅಂದಿದ್ರೆ ಸಾಕಾಗಿತ್ತಲ್ಲೋ."

ಸೊಸೆ ಏನು ತಿಳಿದುಕೊಂಡಿರಬೇಕೆಂದು ಆಗ ನನಗೆ ಅರ್ಥವಾಯಿತು. ಅಕ್ಕ ತಮ್ಮ ಕೂತು ತನ್ನನ್ನು ಆಡಿಕೊಂಡು ನಕ್ಕಿದ್ದಾರೆ, ಈಗ ತಮ್ಮ ಅಕ್ಕನನ್ನು ಕಾಯಲು ಆಣೆ ಹಾಕುತ್ತಿದ್ದಾನೆ. ಅಕ್ಕ ಹೊಗಳಿದ್ದಳು ಎನ್ನುವುದಕ್ಕೆ ಇದ್ದ ಒಬ್ಬನೇ ಸಾಕ್ಷಿ ನಾನು. ಆ ಸಾಕ್ಷಿಯೇ ಇಲ್ಲ ಎಂದಿತ್ತು. ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗಿ ನಿಜ ಹೇಳಬಹುದಿತ್ತು. "ಬಸ್ಸಿಗೆ ಹೊತ್ತಾಯ್ತು" ಎಂದೆ.

ಜಗಳವಾಗಲಿಲ್ಲ. ಮಗ ಸೊಸೆ ಬೇರೆ ಮನೆ ಮಾಡಲಿಲ್ಲ. ಸೊಸೆ ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ ಎಲ್ಲ ಕೊಡುತ್ತಾಳೆ. ಮಾತು ಮಾತ್ರ "ಹೂಂ ರಿ", "ಆತ್ರಿ" ಅಷ್ಟಕ್ಕೆ ನಿಂತಿತು. ಮೊದಮೊದಲು ಅಕ್ಕ ಕೆಣಕಿ ನೋಡಿದಳು. "ಇವತ್ತು ರೊಟ್ಟಿ ಮೆತ್ತಗಿದೆ, ನನಗೆ ಹಲ್ಲಿಲ್ಲ ಅಂತ ಒಪ್ಕೊಂಡ್ಬಿಟ್ಯಾ?" ಅದಕ್ಕೂ "ಹೂಂ ರಿ" ಎಂದೇ ಉತ್ತರ. ತಿರುಗಿ ಬರದ ಮಾತನ್ನು ಎಷ್ಟು ದಿನ ಎಸೆಯುವುದು? ಅಕ್ಕನೂ ಸುಮ್ಮನಾದಳು. ಮೇಲಿನ ಮನೆಯವರು, "ಆಂಟಿಗೆ ಹುಷಾರಿಲ್ವಾ?" ಎಂದು ನನ್ನನ್ನು ಕೇಳಿದರು.

ನಾನು ಆ ಕೆಲಸವನ್ನು ಆಮೇಲೂ ಮಾಡಿದೆ. ಹಾಳೆಯಲ್ಲಿದ್ದದ್ದನ್ನಷ್ಟೇ ಹೇಳುತ್ತಿದ್ದೆ. ನಿರ್ದೇಶಕರು ಕೆಲವು ದಿನ ಕೇಳಿ, ಆಮೇಲೆ ಬಿಟ್ಟರು. ನಾನು ಹಲ್ಲು ಕಟ್ಟಿಸಿಕೊಂಡ ಮೇಲೆ ಮಾತು ಸ್ಪಷ್ಟವಿಲ್ಲ ಎಂದು ನನ್ನನ್ನೂ ಬಿಟ್ಟರು. ಧಾರಾವಾಹಿ ಇನ್ನೂ ಬರುತ್ತಿದೆ.

ಹೋದ ವರ್ಷ ಒಂದು ಮಧ್ಯಾಹ್ನ ಅಕ್ಕನ ಮಂಚದ ಪಕ್ಕ ಕೂತು, "ನಂದು ತಪ್ಪಾಯ್ತು ಅಕ್ಕ, ಕ್ಷಮಿಸು" ಎಂದೆ. ಬಾಯಿ ತೊದಲಿತು. ಬಹಳ ದಿನಗಳ ನಂತರ ಅವಳ ಹಳೆಯ ನಾಲಿಗೆ ಕೇಳಿಸಿತು.

"ಕ್ಷಮೆ ಕೇಳಕ್ಕೂ ನಿಂಗೆ ಯಾರಾದ್ರೂ ಹಿಂದೆ ನಿಂತು ಹೇಳ್ಕೊಡ್ಬೇಕೇನೋ?" ಆಮೇಲೆ ಮೆಲ್ಲಗೆ, "ನನ್ ಹತ್ರ ಯಾಕೆ ಕೇಳ್ತೀಯ? ಅಡುಗೆಮನೇಲಿ ಇದಾಳೆ, ಹೋಗು. ನಾನು ಹೇಳಿದ್ರೆ ಅವ್ಳು ನಂಬಲ್ಲ, ನೀನೇ ಹೇಳ್ಬೇಕು" ಎಂದಳು.

ಎದ್ದು ಹೋದೆ. ಸೊಸೆ ಕಟ್ಟೆ ಒರೆಸುತ್ತಿದ್ದಳು. ನನ್ನನ್ನು ಕಂಡು ಬಟ್ಟೆ ಪಕ್ಕಕ್ಕಿಟ್ಟು ನಿಂತಳು.

"ಏನಾರ ಬೇಕಿತ್ತೇನ್ರಿ ಮಾವಾರ?"

"ಏನಿಲ್ಲಮ್ಮ" ಎಂದೆ. "ಸ್ವಲ್ಪ ನೀರು."

ಕೊಟ್ಟಳು. ಅಲ್ಲೇ ನಿಂತು ಕುಡಿದೆ, ಲೋಟ ವಾಪಸು ಕೊಟ್ಟೆ. ಅವಳು ಅದನ್ನು ತೊಳೆದಿಟ್ಟಳು. ನಾನು ಹೊರಗೆ ಬಂದಾಗ ಅಕ್ಕ ನನ್ನ ಮುಖ ನೋಡಿ, ಗೋಡೆಯ ಕಡೆ ತಿರುಗಿ ಮಲಗಿದಳು.

ಅಕ್ಕನಿಗೆ ಈಗ ಎಂಬತ್ತೈದು ದಾಟಿದೆ. ಅವಳಿಗಿರುವ ಆಸೆ ಒಂದೇ, ಕಣ್ಣು ಮುಚ್ಚುವ ಮೊದಲು ಆ ಹುಡುಗಿ ಮೊದಲಿನಂತೆ ಒಂದು ಮಾತು ತಿರುಗಿಸಿ ಹೇಳಲಿ ಎಂದು. ಅದು ನನ್ನ ಕೈಯಲ್ಲಿದೆ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಅಕ್ಕನಲ್ಲಿ ನಾನು ಕ್ಷಮೆ ಕೇಳಿದ್ದೇನೆ. ಇದುವರೆಗೂ ನಾನು ಕ್ಷಮೆ ಕೇಳದೆ ಉಳಿದಿರುವುದು ಒಬ್ಬಳನ್ನೇ, ನನ್ನ ಅಕ್ಕನ ಸೊಸೆಯನ್ನು.